ತಾಯಿಗೆಂದು ಕೊಟ್ಟ ಆಡುಸೋಗೆ ರಸ

ಬಾಗಲಗುಂಟೆಯ ಅಂಜಿನಮ್ಮನ ಹೊಲ ಹೋಗಿ ಆರು ಬಾಡಿಗೆ ಮನೆಗಳಾಗಿದ್ದವು. ಬೇಲಿಯ ಆಡುಸೋಗೆ ಗಿಡವೊಂದು ಮಾತ್ರ ಕಾಂಪೌಂಡಿನ ಮೂಲೆಯಲ್ಲಿ ಉಳಿದಿತ್ತು. ಪೀಣ್ಯದ ಕಾರ್ಖಾನೆಗಳ ಹೊಗೆ ಕುಡಿದು ಕೆಮ್ಮುವವರು ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದರು. ಎಲೆಯನ್ನು ಹಬೆಯಲ್ಲಿ ಬಾಡಿಸಿ, ಹಿಂಡಿ, ಜೇನು ಬೆರೆಸಿ ಕೊಡುವುದನ್ನು ಅವಳು ಅತ್ತೆಯಿಂದ ಕಲಿತಿದ್ದಳು. ಬೈಗುಳ ಅವಳದೇ.

“ಬೀಡಿ ಬುಡು ಅಂದ್ರೆ ಕಿವಿಗಾಕ್ಕಳಲ್ಲ, ಸೊಪ್ಪು ಮಾತ್ರ ಬೇಕು ನಿಂಗೆ!”

“ನಿನ್ ಬೈಗುಳಕ್ಕೇ ಅರ್ಧ ಕೆಮ್ಮು ಓಡೋಯ್ತದೆ ಕಣಕ್ಕ,” ಎನ್ನುತ್ತ ಎದುರುಮನೆಯ ಲಕ್ಷ್ಮಣಪ್ಪ ಲೋಟ ಚಾಚುವನು.

ಮಂಗಳವಾರ ಮಹಡಿಯ ಬಾಡಿಗೆಯವಳು ಶೀತಲ್ ಬಂದು, ತನ್ನ ಹತ್ತು ತಿಂಗಳ ಮಗ ಸಿದ್ದಾರ್ಥನಿಗೆ ಕೆಮ್ಮು ಎಂದಳು. ಅಂಜಿನಮ್ಮ ಸಣ್ಣ ಬಾಟಲಿಯಲ್ಲಿ ರಸ ಕೊಟ್ಟು, “ಒತ್ತಾರೆ ಎಲ್ಡು ಚಮಚ, ಸಂಜಿಕೆ ಎಲ್ಡು ಚಮಚ” ಎಂದಿದ್ದಳು.

ಗುರುವಾರ ಬೆಳಿಗ್ಗೆ ಶೀತಲ್ ಮಗುವನ್ನೆತ್ತಿಕೊಂಡು ಬರಿಗಾಲಲ್ಲೇ ಓಡಿ ಬಂದಳು.

“ಅಜ್ಜಿ, ರಸ ಕುಡಿಸಿದ ಕೂಡ್ಲೇ ಕಕ್ಕೊಂಡ. ಉಸಿರು ಹೆಂಗೆಂಗೋ ಎಳೀತಿದಾನೆ ನೋಡ್ರಿ!”

“ಯಾರಿಗ್ ಕುಡಿಸ್ದೆ?”

“ಇವನಿಗೇ. ಎರಡು ಚಮಚ, ನೀವು ಹೇಳಿದಷ್ಟೇ.”

ಅಂಜಿನಮ್ಮ ಕೈಲಿದ್ದ ಸೊಪ್ಪು ಬಿಸಾಡಿ ಎದ್ದಳು. “ಅದು ನಿಂಗೆ ಕಣವ್ವ! ಮೊಲೆ ಕುಡಿಯೋ ಮಗೀಗೆ ಕೆಮ್ಮಾದ್ರೆ ಔಸ್ತಿ ಕುಡಿಯೋಳು ತಾಯಿ. ಎದೆ ಆಲಲ್ಲಿ ಮಗೀಗೋಯ್ತದೆ!”

“ನಂಗೆ ಹೆಂಗೆ ಗೊತ್ತಾಗ್ಬೇಕು? ನೀವು ಹೇಳ್ಲೇ ಇಲ್ಲ!”

ಹೇಳಿರಲಿಲ್ಲ. ಈ ರೂಢಿ ಗೊತ್ತಿಲ್ಲದೆ ಹೇಳಿಸಿಕೊಳ್ಳಬೇಕಾದ ತಾಯಿ ಇದುವರೆಗೂ ಅವಳ ಬಾಗಿಲಿಗೆ ಬಂದಿರಲಿಲ್ಲ.

ಅಂಜಿನಮ್ಮ ಮಗುವಿನ ಅಂಗಿ ಎತ್ತಿ ನೋಡಿದಳು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು.

“ಲಕ್ಷ್ಮಣಪ್ಪ, ಆಟೋ ಕರಿ! ಬೇಗ!”

ದಾರಿಯಲ್ಲಿ ಲಾರಿಗಳ ಸಾಲು ಅಲುಗಲೇ ಇಲ್ಲ. “ಡಾಕ್ಟರ್ ಕೇಳಿದ್ರೆ ಏನೂ ಕೊಟ್ಟಿಲ್ಲ ಅಂತೀನಿ. ಬೈತಾರೆ,” ಎಂದು ಶೀತಲ್ ಬಿಕ್ಕಿದಳು. ಮಗುವಿನ ಎದೆಯಿಂದ ಕಣ್ಣು ತೆಗೆದರೆ ಉಸಿರು ನಿಂತೇಬಿಡುತ್ತದೇನೋ ಎಂಬ ಭಯ ಅಂಜಿನಮ್ಮನಿಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ಅದನ್ನು. “ಮನೇಲಿ ಏನಾದ್ರೂ ಕುಡಿಸಿದ್ರಾ?”

“ಇಲ್ಲ ಮೇಡಂ,” ಎಂದಳು ಶೀತಲ್, ತಲೆ ತಗ್ಗಿಸಿ.

“ಕುಡಿಸವ್ಳೆ,” ಎಂದಳು ಅಂಜಿನಮ್ಮ. “ಆಡುಸೋಗೆ ರಸ, ಜೇನು ಆಕಿದ್ದು. ಎಲ್ಡು ದಿನದಿಂದ. ಮಾಡ್ಕೊಟ್ಟಿದ್ದು ನಾನು. ಬೈಯೋದಿದ್ರೆ ಆಮೇಲ್ ನಂಗೇ ಬೈರಿ, ಮೊದ್ಲು ಕೂಸಿನ ಉಸ್ರು ನೋಡಿ.”

ಡಾಕ್ಟರಮ್ಮ ಬೈದರು ಕೂಡ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೂಬಾರದು ಎಂದರು. ಅಷ್ಟರಲ್ಲಿ ನರ್ಸ್ ಮಗುವಿನ ಮೂಗು ಬಾಯಿಗೆ ಮಾಸ್ಕ್ ಹಿಡಿದಿದ್ದಳು. ಶೀತಲ್ ಕೈ, ಅಂಜಿನಮ್ಮ ಕಾಲು ಹಿಡಿದು ಕೂತರು. ಎಷ್ಟೋ ಹೊತ್ತಿನ ಮೇಲೆ ಮಗು ಗಟ್ಟಿಯಾಗಿ ಕಿರುಚಿ ಅತ್ತಿತು.

“ಅಳ್ಲಿ ಬಿಡಿ, ಎದೆಯೊಳಗೆ ಗಾಳಿ ಹೋಗ್ತಿದೆ,” ಎಂದರು ಡಾಕ್ಟರಮ್ಮ. “ಆದ್ರೂ ಅಡ್ಮಿಟ್ ಮಾಡ್ಬೇಕು.”

ಶಿಫ್ಟಿನಲ್ಲಿದ್ದ ಗಂಡ ಮಲ್ಲಿಕ್‌ಗೆ ಫೋನ್ ಮಾಡಲು ಶೀತಲ್ ಹೊರಗೆ ಹೋಗಬೇಕಿತ್ತು. ಮಗುವನ್ನು ಅವುಚಿಕೊಂಡು ಒಂದು ಗಳಿಗೆ ಅಂಜಿನಮ್ಮನನ್ನೇ ನೋಡಿದಳು. ಆಮೇಲೆ ಅವಳ ಮಡಿಲಿಗಿಟ್ಟಳು.

“ಮಲಗಿಸ್ಬೇಡ್ರಿ, ತಲೆ ಎತ್ತರಕ್ಕೆ ಹಿಡ್ಕೊಳ್ಳಿ.”

ಅಂಜಿನಮ್ಮ ತೋಳು ಸರಿಮಾಡಿಕೊಂಡಳು. “ಎಂಗೆ? ಇಂಗಾ? ಸರ್ಯಾಗ್ ತೋರ್ಸಿ ಓಗು.”