ಅಮಾವಾಸ್ಯೆ ದಿನದ ಕೆಲಸ

ಕರೆಂಟ್ ಇರಲಿಲ್ಲ. ಇಷ್ಟು ಮಾತ್ರ ನನಗೆ ಖಚಿತ. ಉಳಿದದ್ದನ್ನು ಹೇಳಿ ಹೇಳಿ ಸವೆಸಿಬಿಟ್ಟಿದ್ದೇನೆ. ಯಾವುದು ಕಣ್ಣಾರೆ ಕಂಡದ್ದು, ಯಾವುದು ಆಮೇಲೆ ಬಂದು ಸೇರಿಕೊಂಡದ್ದು ಎಂದು ಈಗ ನನಗೇ ತಿಳಿಯುವುದಿಲ್ಲ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲಿ ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುವ ಒಂದು ಫ್ಯಾಕ್ಟರಿ. ಅಲ್ಲಿ ನಾನು ಮಿಷನ್ನಿಗೆ ಸಿಪ್ಪೆ ಕೊಡುವ ಕೆಲಸಕ್ಕಿದ್ದೆ. ಅಮಾವಾಸ್ಯೆಗೆ ಮಿಷನ್ ಓಡಿಸುವುದಿಲ್ಲ. ಬೆಳಿಗ್ಗೆ ಎಲ್ಲರೂ ಸೇರಿ ಅದನ್ನು ತೊಳೆದು, ಡ್ರಮ್ಮಿನ ಹಲ್ಲಿಗೆ ಸಿಕ್ಕ ನಾರು ಕಿತ್ತು, ವಿಭೂತಿ ಬಳಿದು ಕಾಯಿ ಒಡೆಯುವುದು. ಸಾವ್ಕಾರ್ರು ಮಂಡಕ್ಕಿ, ಬೆಲ್ಲ ಹಂಚುತ್ತಾರೆ. ಆಮೇಲೆ ಮನೆ.

ಕರೆಂಟ್ ಪದೇ ಪದೇ ಹೋಗುತ್ತದೆಂದು, ತೋಟದ ಮೋಟರಿಗೆ ಹಾಕುವಂತೆ ಈ ಮಿಷನ್ನಿಗೂ ಆಟೋ ಸ್ಟಾರ್ಟರ್ ಹಾಕಿಸಿದ್ದರು. ಕರೆಂಟ್ ಬಂದರೆ ತಾನಾಗಿಯೇ ತಿರುಗುತ್ತದೆ. ಅವತ್ತು ಹೇಗೂ ಕರೆಂಟ್ ಇಲ್ಲವಲ್ಲ ಎಂದು ಸ್ವಿಚ್ ಕಡೆ ಯಾರೂ ನೋಡಲಿಲ್ಲ. ನನ್ನ ಬಲಗೈ ಒಳಗಿತ್ತು. ಕರೆಂಟ್ ಬಂತು.

ಹೆಬ್ಬೆರಳು ಉಳಿಯಿತು.

ಸಾವ್ಕಾರ್ರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕೆಟ್ಟವರಲ್ಲ. ಪರಿಹಾರ ಕೇಳಿದಾಗ ಮಾತ್ರ, "ಅವತ್ತು ರಜ ಕಣಪ್ಪ. ನೀನು ಬಂದಿದ್ದು ಪೂಜೆಗೆ. ದೇವರ ಕೆಲ್ಸಕ್ಕೆ ನಾನೆಂಗೆ ಪರಿಹಾರ ಕೊಡ್ಲಿ?" ಎಂದರು. ಹಾಗೆ ಕೇಸು ಚಿತ್ರದುರ್ಗದ ಕೋರ್ಟಿಗೆ ಹೋಯಿತು. ಅವತ್ತಿನದು ಕೆಲಸ ಎಂದಾದರೆ ಪರಿಹಾರ, ಪೂಜೆ ಎಂದಾದರೆ ಏನೂ ಇಲ್ಲ.

"ಕೈ ಹಾಕು ಅಂತ ಫ್ಯಾಕ್ಟರಿ ಮೇಸ್ತ್ರಿ ಹೇಳಿದ್ರು ಅನ್ನು," ಎಂದರು ನಮ್ಮ ವಕೀಲರು.

"ಹೇಳಿದ್ರೋ ಇಲ್ವೋ ಸರಿಯಾಗಿ ನೆನಪಿಲ್ಲ ಸಾರ್."

"ನೆನಪಿಲ್ಲ ಅಂದ್ರೆ ಕೇಸೂ ಇಲ್ಲ ಕಣಪ್ಪ."

ಬಾಗೂರಿನ ನಮ್ಮ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಲ್ಲದ ಬೆರಳುಗಳಲ್ಲಿ ನವೆಯಾಗುತ್ತಿತ್ತು. ಬೀದಿ ಉದ್ದಕ್ಕೂ ನಡೆಯುತ್ತ ಹೇಳಿಕೆ ಅಭ್ಯಾಸ ಮಾಡುತ್ತಿದ್ದೆ. ಒಂದು ಸಲ ಮೇಸ್ತ್ರಿ ನನ್ನ ಹಿಂದೆ ನಿಂತಿದ್ದರು, ಇನ್ನೊಂದು ಸಲ ಬಾಗಿಲಲ್ಲಿ. ಆಮೇಲೆ ಅವರಿಗೊಂದು ನೀಲಿ ಟವಲ್ ಕೂಡ ಬಂತು. ಎಲ್ಲಿಂದ ಬಂತೋ! ಹೇಳಿದಷ್ಟೂ ಕತೆ ಚೊಕ್ಕಟವಾಗುತ್ತಿತ್ತು, ಚೊಕ್ಕಟವಾದಷ್ಟೂ ನನಗೆ ನಂಬಿಕೆ ಹೋಗುತ್ತಿತ್ತು.

"ಸಂತೇಲಿ ಏನ್ ತಂದ್ರಿ ಅಂದ್ರೆ ಮೂರು ತರ ಹೇಳೋರು ನೀವು," ಎಂದಳು ಹೆಂಡತಿ. "ಅಲ್ಲಾದ್ರೂ ಒಂದೇ ತರ ಹೇಳ್ರಿ."

ಕೋರ್ಟಿನಲ್ಲಿ ಸಾವ್ಕಾರ್ರ ವಕೀಲರು ಕೇಳಿದರು, "ಅಮಾವಾಸ್ಯೆ ದಿನ ಮಿಷನ್ ಓಡಿಸ್ತೀರಾ?"

"ಇಲ್ಲ ಸಾರ್. ತೊಳಿತೀವಿ."

"ಪೂಜೆಗೆ ತಾನೆ? ಕೈ ಹಾಕು ಅಂತ ಯಾರಾದ್ರೂ ಹೇಳಿದ್ರಾ?"

ನಮ್ಮ ವಕೀಲರು ನನ್ನನ್ನೇ ನೋಡುತ್ತಿದ್ದರು. ನೀಲಿ ಟವಲ್ ಕಣ್ಣ ಮುಂದೆ ಬಂತು. "ಗೊತ್ತಿಲ್ಲ," ಎಂದುಬಿಟ್ಟೆ. ನಮ್ಮ ವಕೀಲರು ತಲೆ ತಗ್ಗಿಸಿದರು.

ಆಗ ಜಡ್ಜಮ್ಮನೇ ಕೇಳಿದರು: "ಪೂಜೆಗೆ ಬರದಿದ್ರೆ ಏನಾಗ್ತಿತ್ತು?"

ಇದನ್ನು ಯಾರೂ ನನ್ನಿಂದ ಅಭ್ಯಾಸ ಮಾಡಿಸಿರಲಿಲ್ಲ. "ಒಂದ್ಸಲ ಮಗಳಿಗೆ ಜ್ವರ ಅಂತ ಹೋಗಿರಲಿಲ್ಲಮ್ಮ. ಮಾರನೇ ದಿನ ಗೇಟಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ರು."

"ಅದು ಒಂದಿನ ಅಷ್ಟೇ ಅಮ್ಮ!" ಹಿಂದಿನಿಂದ ಸಾವ್ಕಾರ್ರು ಎದ್ದು ನಿಂತರು. "ಬುದ್ಧಿ ಬರ್ಲಿ ಅಂತ. ಎಲ್ಲರೂ ಹಂಗೇ ಮಾಡಿದ್ರೆ ಮಿಷನ್ ತೊಳೆಯೋರು ಯಾರು?"

ಅವರ ವಕೀಲರು, "ಕುಂತ್ಕಳ್ರಿ, ಕುಂತ್ಕಳ್ರಿ," ಎನ್ನುವಷ್ಟರಲ್ಲಿ ಜಡ್ಜಮ್ಮ ಅದನ್ನು ಟೈಪಿಸ್ಟಿಗೆ ಹೇಳಿ ಬರೆಸುತ್ತಿದ್ದರು.

ಅದು ಕೆಲಸವೇ ಎಂದು ಆದೇಶ ಬಂತು. ಬಂದ ದಿನ ಕೋರ್ಟಿನ ಮೆಟ್ಟಿಲ ಹತ್ತಿರ ಸಾವ್ಕಾರ್ರು ಎದುರಾದರು. "ನಾನೇನು ಸುಳ್ಳು ಹೇಳ್ಲಿಲ್ಲ ನೋಡಪ್ಪ," ಎಂದರು. ವಿಚಾರಣೆಯ ದಿನ ಅವರ ಬಾಯಿ ತಪ್ಪಿತೋ, ಬೇಕೆಂದೇ ಆಡಿದರೋ? ಎರಡನ್ನೂ ನಾನು ಎಷ್ಟೋ ಸಲ ಹೀಗೇ ಎಂದು ತೀರ್ಮಾನಿಸಿ, ಮತ್ತೆ ಕೈಬಿಟ್ಟಿದ್ದೇನೆ. ಆಗ ಮಾತ್ರ ಯೋಚನೆಗೆ ಮೊದಲೇ ಕೈ ಎದೆ ಮಟ್ಟಕ್ಕೆ ಹೋಗಿತ್ತು. ಐದು ಬೆರಳ ಎಡಗೈ, ಒಂದು ಬೆರಳ ಬಲಗೈ. ಅವರು ಅದನ್ನು ನೋಡಿ ಸರಸರನೆ ಕಾರಿನ ಕಡೆ ನಡೆದರು.

"ಗೆದ್ದ ಮೇಲೂ ಅವರಿಗೆ ಕೈ ಮುಗೀತೀರಲ್ರೀ," ಎಂದಳು ಜೊತೆಗೆ ಬಂದಿದ್ದ ಹೆಂಡತಿ.

"ಅಭ್ಯಾಸ ಕಣೇ."

"ಸುಡ್ರಿ ಆ ಅಭ್ಯಾಸನ," ಎಂದು ನನ್ನ ತೋಳು ಹಿಡಿದು ಬಸ್ ಸ್ಟ್ಯಾಂಡ್ ಕಡೆ ಎಳೆದಳು.