‘ತೆಗೆಯಿರಿ’ ಎಂದು ಬರೆಯದ ಅಕ್ಕ

ಲೈಬ್ರರಿ ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿ, ಕುದಿನೀರಿನ ಗೂಡಿನಿಂದ ಎಳೆ ಹಿಡಿಯುತ್ತಲೇ ಬೆಳೆದ ಕೈ ಅದು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಆ ಗಡುಸು ಬೆರಳುಗಳ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಅಕ್ಕ ಬೆರಳು ಮಡಿಸಿ ಗೆಣ್ಣಿನಿಂದ ಸವರುತ್ತಿದ್ದರು.

ನಮ್ಮ ಊರ ಪಂಚಾಯಿತಿ ಲೈಬ್ರರಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ಅಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಓಡುತ್ತಿದ್ದುದು ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್. ಎಲ್ಲೆಲ್ಲಿಯೋ ಇರುವ ಜನ ಸೇರಿ ಕಟ್ಟುವ ತಂತ್ರಾಂಶ. ಅದನ್ನು ಬಳಸುವುದು ಹೇಗೆಂದು ತಿಳಿಸುವ ಕನ್ನಡದ ಸಹಾಯ ಪುಟಗಳನ್ನು ಒಂಬತ್ತು ವರ್ಷ ಸಂಬಳವಿಲ್ಲದೆ ಬರೆದು, ತಿದ್ದಿ, ಕಾಪಾಡಿದವರು ಈ ಅಕ್ಕ ಒಬ್ಬರೇ. ಹೊಸ ಆವೃತ್ತಿ ಬಂದಾಗಲೆಲ್ಲ ಒಂದೊಂದು ಪುಟವನ್ನೂ ಮತ್ತೆ ಮಾಡಿ ನೋಡಬೇಕು. “ಮಾಡಕ್ಕೆ ಬೇರೆ ಕೆಲ್ಸ ಇಲ್ಲ ಆಯಮ್ಮಂಗೆ” ಎನ್ನುತ್ತಿದ್ದರು ಊರವರು. ಕಂಪ್ಯೂಟರ್ ಕೈಕೊಟ್ಟ ದಿನ ಅದೇ ಬಾಯಿಗಳು “ಅಕ್ಕಾ” ಎಂದು ಓಡಿಬರುತ್ತಿದ್ದವು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವರದೊಂದು ಪದ್ಧತಿಯಿತ್ತು. ಪೇಪರ್ ಓದಲು ಬಂದವರನ್ನೇ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಬರೆದ ಪುಟವನ್ನು ಕೊಟ್ಟು, ಕೈಕಟ್ಟಿ ನಿಲ್ಲುವುದು. ಸಹಾಯ ಮಾಡುವಂತಿಲ್ಲ. ಓದುವವರು ತಡವರಿಸಿದಲ್ಲಿ ಪೆನ್ಸಿಲ್ಲಿನ ಗುರುತು. “ಎಲ್ಲಿ ನಿಂತ್ರಿ?” ಎಂದು ಕೇಳುತ್ತಿದ್ದರು; ತೆಲುಗಿನವರಾದರೆ, “ಎಕ್ಕಡ ಆಗಿಪೋಯಾವಮ್ಮಾ?” ಯಾರಾದರೂ “ನಂಗೆ ಗೊತ್ತಾಗ್ಲಿಲ್ಲ” ಎಂದರೆ ರೇಗುತ್ತಿದ್ದರು: “ನಿಮ್ಗೆ ಗೊತ್ತಾಗ್ಲಿಲ್ಲ ಅಂತಲ್ಲ. ನಾನು ನೆಟ್ಟಗೆ ಬರೀಲಿಲ್ಲ.”

ಹಾಗೆ ಕೂತ ಹಿರಿಯರೊಬ್ಬರು ಒಂದು ದಿನ ‘ಕಡತವನ್ನು ತೆಗೆಯಿರಿ’ ಎಂಬಲ್ಲಿ ನಿಂತೇಬಿಟ್ಟರು. “ಬಾಗ್ಲು ತೆಗಿ ಅಂದ್ರೂ ತೆಗಿಯೋದೇ, ಕಸ ತೆಗಿ ಅಂದ್ರೂ ತೆಗಿಯೋದೇ. ಇಲ್ಲಿ ಯಾವ್ದಮ್ಮ?” ಅಕ್ಕನ ಮುಖ ಕಪ್ಪಿಟ್ಟಿತು. ಒಂದು ತಿಂಗಳು ಕೂತು ಎಲ್ಲ ಪುಟಗಳಿಂದಲೂ ಆ ಪದವನ್ನು ಓಡಿಸಿದರು. ‘ತೆರೆಯಿರಿ’ ಬೇರೆ, ‘ಅಳಿಸಿ’ ಬೇರೆ. ಅವರ ಹತ್ತಿರ ಕಂಪ್ಯೂಟರ್ ಕಲಿತ ನನಗೂ ತಾಕೀತು ಮಾಡಿದ್ದರು: “ಆ ಪದ ನಿನ್ ಕೈಯಿಂದ ಬರಕೂಡದು ಕಣೇ.”

ಆ ಕಲಿಕೆಯಿಂದಲೇ ನನಗೆ ಚಿಂತಾಮಣಿಯಲ್ಲಿ ಕಚೇರಿ ಕೆಲಸ ಸಿಕ್ಕಿತು. ಅಲ್ಲಿದ್ದಾಗಲೇ ಆ ತಂತ್ರಾಂಶದ ಹೆಸರಿನಲ್ಲಿ ಎಲ್ಲಿಂದಲೋ ಬಂದ ಸಂಘಟಕರು ಕಲ್ಯಾಣ ಮಂಟಪ ಹಿಡಿದು, ಕನ್ನಡದ ಸಹಾಯ ಪುಟಗಳನ್ನೆಲ್ಲ ಒಂದೇ ದಿನದಲ್ಲಿ ಹೊಸದು ಮಾಡುತ್ತೇವೆಂದು ಹೊರಟರು. ಯಂತ್ರ ಅನುವಾದಿಸುತ್ತದೆ, ನಾವು ಓದಿ ಒಪ್ಪಿಗೆ ಒತ್ತಬೇಕು. ಒಂಬತ್ತು ವರ್ಷ ದುಡಿದವರಿಗೆ ಒಂದು ಮಾತು ಹೇಳುವ ಸೌಜನ್ಯವೂ ಆ ಜನಕ್ಕಿರಲಿಲ್ಲ. ನಾನು ಹೋದೆ. ಊಟದ ಹೊತ್ತಾಗಿತ್ತು, ಕೊನೆಯ ಪುಟಗಳನ್ನು ಓದದೆಯೇ ಒಪ್ಪಿಗೆ ಒತ್ತಿದೆ. ಪ್ರಮಾಣಪತ್ರ ಕೊಟ್ಟರು, ಫೋಟೋ ಹಿಡಿದರು. ಅಕ್ಕನ ಪುಟಗಳು ಅಳಿಸಿಹೋದವು.

ಅಕ್ಕ ಪ್ರತಿಭಟಿಸಿ ಬರೆದರು. ‘ನಿಮ್ಮ ಉತ್ಸಾಹಕ್ಕೆ ಧನ್ಯವಾದ’ ಎಂಬ ಒಂದು ಸಾಲಿನ ಉತ್ತರ ಬಂತು. ಥೂ! ಅವರು ಮತ್ತೆ ಒಂದನೇ ಪುಟದಿಂದ ತಿದ್ದಲು ಕೂತರು.

ಅರ್ಧವೂ ಮುಗಿದಿರಲಿಲ್ಲ, ಗೌರಿಬಿದನೂರು ಕಡೆಯ ಅಂಗನವಾಡಿ ಟೀಚರೊಬ್ಬರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಲೈಬ್ರರಿಗೆ ಬಂದರು. ನಾನೂ ಅಲ್ಲಿದ್ದೆ. ತೀರಿಕೊಂಡ ತಾಯಿಯ ಸೋಬಾನೆ ಹಾಡುಗಳನ್ನೆಲ್ಲ ಆಕೆ ಅದರಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದರು. ಹೊಸ ಆವೃತ್ತಿ ಹಾಕುವ ಮುಂಚೆ ಸಹಾಯ ಪುಟ ನೋಡಿದ್ದಾರೆ.

“ಡಿಸ್ಕಿನ ಹಳೇ ಭಾಗ ತೆಗೆಯಿರಿ ಅಂತ ಪುಟದಲ್ಲಿತ್ತಕ್ಕ. ಹಾಡು ಇರೋದು ಅದ್ರಲ್ಲೇ ಅಲ್ವಾ, ತೆಗೆದು ನೋಡಣ ಅಂತ ಒತ್ತಿದೆ. ಖಚಿತವೇ ಅಂತ ಕಂಪ್ಯೂಟರ್ ಇನ್ನೊಂದ್ಸಲ ಕೇಳ್ತು. ಹೌದು ಅಂದೆ.”

ಅಕ್ಕ ಮೂರು ದಿನ ಹೆಣಗಿದರೂ ಒಂದು ಹಾಡೂ ಸಿಗಲಿಲ್ಲ. ಆಕೆ ತನ್ನ ಕೆನ್ನೆಗೇ ಹೊಡೆದುಕೊಂಡಾಗ ಅಕ್ಕ ಆ ಕೈ ಹಿಡಿದು ಹೇಳಿದರು: “ನಿನ್ ತಪ್ಪಲ್ಲಮ್ಮ. ಬರೆದೋರ ತಪ್ಪು.” ಆಕೆ ನೋಡಿದ್ದು ನಾನು ಓದದೆ ಒಪ್ಪಿಗೆ ಒತ್ತಿದ ಪುಟ.

ಆಮೇಲೆ ಎರಡು ವರ್ಷ ಪ್ರತಿ ಭಾನುವಾರ ಅವರ ಮನೆಗೆ ಹೋದೆ. ಮುದ್ದೆ, ಬಸ್ಸಾರು ಬಡಿಸಿದರು, ತಲೆ ನೇವರಿಸಿದರು. ನಾನು ಹೇಳಲಿಲ್ಲ. ಕಳೆದ ಶ್ರಾವಣದಲ್ಲಿ ಅಕ್ಕ ತೀರಿಕೊಂಡರು. ಅವರನ್ನು ಮೂಲೆಗೆ ತಳ್ಳಿದ ಸಂಘಟಕರು ಶ್ರದ್ಧಾಂಜಲಿ ಬರೆದರು, ಅದರಲ್ಲೂ ಅಕ್ಕನ ಊರಿನ ಹೆಸರು ತಪ್ಪು.

ಪುಟಗಳ ಜವಾಬ್ದಾರಿ ಈಗ ನನ್ನದು. ಪ್ರತಿ ಪುಟಕ್ಕೂ ಒಂದು ಪಟ್ಟಿ ಇರುತ್ತದೆ. ಯಾರು, ಯಾವತ್ತು, ಏನು ಬದಲಿಸಿದರು, ಯಾಕೆ, ಎಲ್ಲವೂ ಅಲ್ಲಿ ದಾಖಲು. ಮೊದಲ ದಿನವೇ ಆ ಪುಟದ ಪಟ್ಟಿ ನೋಡಿದೆ. ‘ತೆಗೆಯಿರಿ’ಯ ಎದುರು ನನ್ನ ಹೆಸರು ಢಾಳಾಗಿತ್ತು. ಅದರ ಕೆಳಗೆ, ಆ ಟೀಚರ್ ಬಂದ ದಿನದ ತಾರೀಖಿನಲ್ಲಿ, ಅಕ್ಕನ ತಿದ್ದುಪಡಿ. ಕಾರಣದ ಜಾಗದಲ್ಲಿ ಬರೆದಿದ್ದರು: ‘ನನ್ನ ಕಣ್ತಪ್ಪಿನಿಂದ ಆದ ದೋಷ. ಸರಿಪಡಿಸಿದ್ದೇನೆ.’

ಎಲ್ಲ ಗೊತ್ತಿದ್ದೂ ಎರಡು ವರ್ಷ ಊಟ ಬಡಿಸಿದರಲ್ಲ! ಒಂದು ಸಲ ಉಗಿದಿದ್ದರೆ ಆಗುತ್ತಿರಲಿಲ್ಲವೇ? ಸಂಘಟಕರ ಮೇಲೆ ನನಗೆ ಸಿಟ್ಟಿದೆ, ನನ್ನ ಮೇಲೆ ಇನ್ನಷ್ಟಿದೆ, ಅಕ್ಕನ ಮೇಲೆ ಎಲ್ಲಕ್ಕಿಂತ ಹೆಚ್ಚು. ಆ ಪಟ್ಟಿಯಲ್ಲಿ ಒಮ್ಮೆ ಬರೆದದ್ದನ್ನು ಯಾರಿಂದಲೂ ತಿದ್ದಲಾಗುವುದಿಲ್ಲ. ಅಕ್ಕನ ಆ ಸಾಲಿಗೆ ನನ್ನ ಹೆಸರು ಹಾಕಲು ನಾನು ಪ್ರಯತ್ನಿಸಿ ನೋಡಿದ್ದೇನೆ.