ಸಿದ್ದಕ್ಕನ ಬಲಗೈ ಮತ್ತು ಮುಂಬಾಗಿಲ ಬೀಗ

ಎರಡು ತಿಂಗಳಿಂದ ಸಿದ್ದಕ್ಕ ಮನೆಗೆಲಸವನ್ನೆಲ್ಲ ಎಡಗೈಯಲ್ಲೇ ಸಾಗಿಸುತ್ತಿದ್ದಳು. ಊಟಕ್ಕೂ ಪೂಜೆಗೂ ಮಾತ್ರ ಬಲಗೈ. ಅನ್ನದ ತುತ್ತು ಎತ್ತಲು, ಚಿಟಿಕೆ ಅರಿಸಿನ ಹಾಕಲು ಅಂಥ ಬಲವೇನೂ ಬೇಡವಲ್ಲ. ಮನೆಯಲ್ಲಿ ಒಬ್ಬರೂ ಇದನ್ನು ಗಮನಿಸಿರಲಿಲ್ಲ. ಗಮನಿಸಲು ಅವರಿಗೆ ಪುರಸೊತ್ತಾದರೂ ಎಲ್ಲಿತ್ತು? ಮಗ ತಿಮ್ಮೇಶ್ ಲೈನ್‌ಮನ್, ಬೆಳಗ್ಗೆ ಹೋದರೆ ಯಾವ ಊರಿನ ಯಾವ ಕಂಬದ ಮೇಲಿರುತ್ತಾನೋ ಅವನಿಗೇ ಗೊತ್ತಿರುತ್ತಿರಲಿಲ್ಲ. ಸೊಸೆ ಅನುಸೂಯ ಪಕ್ಕದ ಹಳ್ಳಿಯ ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳನ್ನು ಸುಧಾರಿಸಿ ಮನೆಗೆ ಬರುವಷ್ಟರಲ್ಲಿ ಸೋತು ಸುಣ್ಣವಾಗಿರುತ್ತಿದ್ದಳು. ಗಂಡ ಕಾಟಯ್ಯ ಕುರಿಗಳ ಹಿಂದೆ ಭದ್ರಾ ಕಾಲುವೆಯ ಕಡೆ ಹೋದವನು ಇನ್ನು ಯುಗಾದಿಗೇ ಬರುವುದು. ಫೋನು ಮಾಡಿದರೆ ಮೊದಲು ಕುರಿಗಳ ಕ್ಷೇಮ ಹೇಳುತ್ತಿದ್ದ, ಆಮೇಲೆ ನೆನಪಾದರೆ ತನ್ನದು.

ಆ ಬಲಗೈ ಸಾಮಾನ್ಯದ ಕೈಯಲ್ಲ. ಹೊಸದುರ್ಗದ ಸುತ್ತಿನ ಹಟ್ಟಿಗಳಲ್ಲಿ ಸಿದ್ದಕ್ಕ ನೂತ ನೂಲು ಅಂದರೆ ಕಂಬಳಿ ನೇಯುವವರು ಎಳೆ ಹಿಡಿದು ನೋಡದೆ ತೆಗೆದುಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹನ್ನೆರಡು ವರ್ಷ ಅವಳೂ ಗಂಡನ ಜೊತೆ ಕುರಿಗಳ ಹಿಂದೆ ನಡೆದವಳೇ. ಮರದ ಬುಡದಲ್ಲಿ ಒಲೆ ಹೂಡಿ ಮುದ್ದೆ ತಿರುವಿದ್ದಳು, ಮೊಂಡು ಟಗರನ್ನು ಕೊಂಬು ಹಿಡಿದು ನಿಲ್ಲಿಸಿದ್ದಳು. ಆ ಕಾಲದಲ್ಲಿ ಅವಳು ಭದ್ರ ಮಾಡಿದ್ದು ಕುರಿದೊಡ್ಡಿಯ ತಡಿಕೆಯೊಂದನ್ನೇ, ಅದಕ್ಕೆ ಹಗ್ಗದ ಗಂಟೇ ಬೀಗ. ಅವಳು ಹಾಕಿದ ಗಂಟನ್ನು ಬಿಚ್ಚಲು ಗಂಡನಿಂದಲೂ ಆಗುತ್ತಿರಲಿಲ್ಲ. ಈಗ ಐವತ್ತೊಂಬತ್ತು ವರ್ಷವಾದರೂ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಪಲ ಹೋಗಿರಲಿಲ್ಲ.

ಏಳು ವರ್ಷದ ಹಿಂದೆ ತಿಮ್ಮೇಶ್ ಹೊಸದುರ್ಗದ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ತೇಗದ ಬಣ್ಣ ಬಳಿದ ಸ್ಟೀಲ್ ಬಾಗಿಲು ತಂದು ನಿಲ್ಲಿಸಿದ. ಅದಕ್ಕಿರುವುದು ಮಲ್ಟಿಪಾಯಿಂಟ್ ಲಾಕ್ ಎಂದು ಚಿತ್ರದುರ್ಗದ ಅಂಗಡಿಯವನು ಪುರಾಣ ಹೇಳಿದ್ದನಂತೆ. ಬಾಗಿಲು ಮುಚ್ಚಿ ಹಿಡಿಕೆಯನ್ನು ಮೇಲಕ್ಕೆತ್ತಿದರೆ ಒಂದು ಸರಳು ಮೇಲಿನ ಚೌಕಟ್ಟಿಗೆ, ಒಂದು ಪಕ್ಕಕ್ಕೆ, ಇನ್ನೊಂದು ಕೆಳಗೆ ಹೊಸ್ತಿಲಿಗೆ, ಹೀಗೆ ಮೂರು ಕಡೆ ಒಟ್ಟಿಗೇ ಹೋಗಿ ಕೂರುತ್ತವೆ. ಹಿಡಿಕೆ ಪೂರ್ತಿ ಎದ್ದರೆ ಮಾತ್ರ ಕೀ ತಿರುಗುವುದು. ಒಳಗೆ ಏನಿದೆಯೆಂದು ಇಷ್ಟೊಂದು ಕಾವಲು ಅಂತ ಸಿದ್ದಕ್ಕ ನಕ್ಕಿದ್ದಳು. ಆದರೆ ಕೆಳಗಿನ ಸರಳಿಗಾಗಿ ಹೊಸ್ತಿಲ ಕಲ್ಲಿಗೆ ತೂತು ಕೊರೆಯಲು ಬಂದಾಗ ಮಾತ್ರ ಅವಳಿಗೆ ಸಿಟ್ಟು ಬಂದಿತ್ತು. ಲಕ್ಷ್ಮಿ ಕೂರುವ ಜಾಗ ಅದು, ಅದಕ್ಕೆ ಯಾರಾದರೂ ತೂತು ಹೊಡೆಯುತ್ತಾರೆಯೇ? ಮಗ ಕೇಳಲಿಲ್ಲ. ಅಂದಿನಿಂದ ಸಿದ್ದಕ್ಕ ದಿನಾ ಬೆಳಗ್ಗೆ ಹೊಸ್ತಿಲು ತೊಳೆದು, ಅರಿಸಿನ ಹಚ್ಚಿ, ಕುಂಕುಮ ಇಟ್ಟು, ರಂಗೋಲಿ ಎಳೆದ ಮೇಲೆ ಆ ತೂತಿನ ಪಾಲಿಗೆಂದು ಇನ್ನೊಂದೊಂದು ಚಿಟಿಕೆ ಎಲ್ಲವನ್ನೂ ಹಾಕಿ ಕೈಮುಗಿಯುತ್ತಿದ್ದಳು. ನೋವು ಮಾಡಿದ್ದಕ್ಕೆ ಸಮಾಧಾನವಂತೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಸಂತೆಗೆ ಹೊರಟು ಬಾಗಿಲೆಳೆದು ಹಿಡಿಕೆ ಎತ್ತಿದಳು. ಅದು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಎತ್ತಿದಳು. ಮಣಿಕಟ್ಟು ಚುರ್ ಎಂದಿತೇ ಹೊರತು ಹಿಡಿಕೆ ಮೇಲೇಳಲಿಲ್ಲ. ಬೆಳಗ್ಗೆ ಮಗ ಇದೇ ಬಾಗಿಲಲ್ಲಿ ಹೋಗಿದ್ದ, ಸೊಸೆ ನೆನ್ನೆ ಇದಕ್ಕೇ ಬೀಗ ಹಾಕಿದ್ದಳು. ಅವರಿಬ್ಬರ ಕೈಯಲ್ಲಿ ಆಗುವುದು ತನ್ನ ಕೈಯಲ್ಲಿ ಯಾಕಾಗದು? ಸಿದ್ದಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳಿಗೆ ಅಕ್ಕ ಚಂದ್ರಕ್ಕನ ನೆನಪಾಗಿತ್ತು.

ಚಂದ್ರಕ್ಕ ಹಿರಿಯೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಮಡಿಲಲ್ಲಿ ಬಿದ್ದದ್ದು ಬಿದ್ದೇ ಇದೆ. ಅದು ಶುರುವಾದದ್ದು ಒಂದು ಬಿಂದಿಗೆಯಿಂದ. ನಲ್ಲಿಯ ಕೆಳಗಿದ್ದ ಬಿಂದಿಗೆ ಎತ್ತಲು ಹೋಗಿ, ಯಾಕೋ ಕೈ ಏಳುತ್ತಿಲ್ಲವಲ್ಲ ಅಂದಿದ್ದಳು. ಅಲ್ಲಿದ್ದವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸಿದ್ದಕ್ಕ. ಎಂಟೇ ದಿನಕ್ಕೆ ಚಂದ್ರಕ್ಕ ಬಿದ್ದಳು.

ಈಗ ತನ್ನ ಸರದಿ ಬಂತು ಎಂದು ಸಿದ್ದಕ್ಕ ತೀರ್ಮಾನಿಸಿದಳು. ಯಾರಿಗಾದರೂ ಹೇಳಬಹುದಿತ್ತು. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಹೆದರಿದ ಮನುಷ್ಯರ ಬುದ್ಧಿಯೇ ಹಾಗೆ, ಬೇಕಾದ ಕಡೆ ಓಡುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ದಿನಕ್ಕೆರಡು ಸಲ ಹಿಡಿಕೆಯ ಜೊತೆ ಗುದ್ದಾಡಿ ನೋಡುತ್ತಿದ್ದಳು. ಅದರಿಂದ ಮಣಿಕಟ್ಟು ಊದಿಕೊಳ್ಳುತ್ತಿತ್ತು, ನೋವು ನೋಡಿ ಇನ್ನಷ್ಟು ಹೆದರುತ್ತಿದ್ದಳು. ಉಳಿದದ್ದಕ್ಕೆಲ್ಲ ಎಡಗೈ. ನೂಲುವ ರಾಟೆಯನ್ನು ಅಟ್ಟಕ್ಕೆ ಹಾಕಿಸಿ ಕಣ್ಣು ಮಂಜು ಅಂದಳು. ಬೀಗ ಹಾಕಲಾಗದ್ದರಿಂದ ಹಗಲೆಲ್ಲ ಮನೆಯಲ್ಲೇ ಉಳಿದಳು, ಬಿಸಿಲಿಗೆ ತಲೆಸುತ್ತು ಅಂದಳು. ತಿಂಗಳಿಗೊಮ್ಮೆ ತಪ್ಪದೆ ಹಿರಿಯೂರಿಗೆ ಹೋಗುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ಅದಕ್ಕೆ ಮಾತ್ರ ನೆಪ ಹುಡುಕಲೂ ಮನಸ್ಸಾಗಲಿಲ್ಲ. ಅಕ್ಕನ ಮಡಿಲಲ್ಲಿ ಬಿದ್ದಿರುವ ಆ ಕೈಯನ್ನು ಕಣ್ಣಾರೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಸಂಕ್ರಾಂತಿಯ ಹಿಂದಿನ ವಾರ ಅನುಸೂಯ ಒಳಗಿನಿಂದ ಬಾಗಿಲು ಭದ್ರ ಮಾಡುವಾಗ ಬೀಗದೊಳಗೆ ಕಟಕ್ ಎಂದಿತು. ಹಿಡಿಕೆ ಸತ್ತ ಕೋಳಿಯ ಕತ್ತಿನಂತೆ ಜೋತುಬಿತ್ತು. ಸರಳುಗಳು ಸಿಕ್ಕಿದ್ದಲ್ಲೇ ಸಿಕ್ಕಿಕೊಂಡು ಬಾಗಿಲು ತೆರೆಯದಾಯಿತು. ಮೂರು ದಿನ ಎಲ್ಲರೂ ಅಡುಗೆಮನೆಯ ಹಿಂಬಾಗಿಲಲ್ಲಿ ಓಡಾಡಿದರು. ಬಾಗಿಲು ಮಾರಿದವರನ್ನು ಕೇಳಿದರೆ ಇಡೀ ಬಾಗಿಲನ್ನೇ ಬದಲಾಯಿಸಬೇಕು ಅಂದರು. ಕೊನೆಗೆ ತಿಮ್ಮೇಶನ ಜೊತೆ ಕೆಲಸ ಮಾಡುವವರೊಬ್ಬರು ದುರ್ಗದಲ್ಲಿ ಬೀಗ ರಿಪೇರಿ ಮಾಡುವ ಜಂಬಣ್ಣನ ನಂಬರು ಕೊಟ್ಟರು. ಜಂಬಣ್ಣ ಬೀಗದ ಫೋಟೋ ತರಿಸಿಕೊಂಡ, ಹಿಡಿಕೆಯ ತೂತಿನಿಂದ ಕೀಯ ತೂತಿಗೆ ಎಷ್ಟು ದೂರವೆಂದು ಸ್ಕೇಲಿಟ್ಟು ಅಳೆಸಿದ, ಭಾನುವಾರ ಬೆಳಗಿನ ಬಸ್ಸಿಗೆ ಚೀಲ ಹೆಗಲಿಗೇರಿಸಿ ಬಂದಿಳಿದ. ಐವತ್ತರ ಆಸುಪಾಸಿನ ಆಳು, ಮೊಣಕೈವರೆಗೆ ಮಡಿಸಿದ ತೋಳು, ಕಬ್ಬಿಣ ತಿರುಚಿ ತಿರುಚಿ ಹುರಿಯಾದ ಕೈಗಳು. ಸಿದ್ದಕ್ಕ ಮೊದಲು ನೋಡಿದ್ದು ಆ ಕೈಗಳನ್ನೇ.

ಜಂಬಣ್ಣ ಹಿಡಿಕೆ ಕಳಚಿ, ಆ ತೂತಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಒಳಗಿನ ಚಕ್ರವನ್ನು ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸಿದ. ಕಾಲು ಗಂಟೆಯಲ್ಲಿ ಬಾಗಿಲು ತೆರೆಯಿತು. ಅಂಚಿನ ಉದ್ದ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ ಬೀಗದ ಡಬ್ಬಿಯನ್ನು ಹೊರಗೆಳೆದು ಮುಚ್ಚಳ ತೆಗೆದು ತೋರಿಸಿದ. ಚಕ್ರದ ಹಲ್ಲುಗಳು ಸವೆದು ನುಣ್ಣಗಾಗಿದ್ದವು, ಎರಡು ಮುರಿದೇ ಹೋಗಿದ್ದವು. ಬಾಗಿಲಿಗೇನೂ ಆಗಿಲ್ಲ, ಡಬ್ಬಿ ಬದಲಾಯಿಸಿದರೆ ಸಾಕು ಎಂದು ತಾನು ತಂದಿದ್ದ ಹೊಸದನ್ನು ಕೂರಿಸಿದ. ಬಾಗಿಲು ತೆರೆದಿಟ್ಟೇ ಹಿಡಿಕೆ ಎತ್ತಿ ನೋಡಿದ; ಮೂರು ಸರಳೂ ಸರಾಗವಾಗಿ ಹೊರಬಂದವು. ತಿಮ್ಮೇಶ್ ನಿಟ್ಟುಸಿರುಬಿಟ್ಟ. ಸಿದ್ದಕ್ಕನಿಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಬೀಗ ಕೆಟ್ಟಿದ್ದು ಮೊನ್ನೆ, ತನ್ನ ಕೈ ಹೋಗಿ ಎರಡು ತಿಂಗಳಾಯಿತು ಎಂಬುದು ಅವಳ ಲೆಕ್ಕ.

ಜಂಬಣ್ಣ ಬಾಗಿಲು ಮುಚ್ಚಿ ಇನ್ನೊಮ್ಮೆ ಹಿಡಿಕೆ ಎತ್ತಿದ. ಅದು ಅರ್ಧಕ್ಕೆ ಬಂದು ನಿಂತಿತು. ಕಾಲು ಅಗಲಿಸಿ ನಿಂತು ಎರಡೂ ಕೈ ಹಾಕಿದ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಹಿಡಿಕೆ ಮಿಸುಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿದ್ದಕ್ಕ ಕೈಯಲ್ಲಿದ್ದ ಕಾಫಿ ಲೋಟವನ್ನು ಅಲ್ಲೇ ಕಿಟಕಿಯ ಮೇಲಿಟ್ಟು ಹತ್ತಿರ ಬಂದಳು.

"ನಿನ್ನ ಕೈಲೂ ಏಳ್ತಿಲ್ವೇನಪ್ಪ?"

"ನನ್ನ ಕೈ ಬಿಡು ಅಕ್ಕಾ, ಪೈಲ್ವಾನ್ ಬಂದ್ರೂ ಏಳಲ್ಲ ಇದು. ಹೊಸ ಲಾಕು, ತೆಗ್ದಿಟ್ಟಾಗ ಚೆನ್ನಾಗೈತೆ, ಮುಚ್ಚಿದ್ರೆ ಹಿಡೀತೈತೆ. ಅಂದ್ರೆ ತಪ್ಪು ಲಾಕಿಂದಲ್ಲ, ಅದು ಹೋಗಿ ಕೂರೋ ಜಾಗದ್ದು."

"ಇನ್ನೊಂದ್ಸಲ ಹೇಳಪ್ಪ."

ಜಂಬಣ್ಣ ಇನ್ನೊಮ್ಮೆ ಹೇಳಿದ. ಯಾಕೆ ಕೇಳಿದಳೆಂದು ಅವನಿಗೆ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಮೇಲಿನ ತೂತಿಗೆ ಬೆರಳಿಟ್ಟು ನೋಡಿದ, ಪಕ್ಕದ್ದನ್ನು ನೋಡಿದ, ಆಮೇಲೆ ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ತೂತಿಗೆ ಕಡ್ಡಿ ಹಾಕಿದ. ಕಡ್ಡಿ ಉಗುರಿನಷ್ಟೂ ಇಳಿಯಲಿಲ್ಲ. ಸಣ್ಣ ಉಳಿಯಿಟ್ಟು ಮೆಲ್ಲಗೆ ತಟ್ಟಿ ಕೊರೆದು, ಕೊನೆಗೆ ಇಕ್ಕಳದಿಂದ ಹೆಬ್ಬೆರಳ ಗಾತ್ರದ ಒಂದು ಗಟ್ಟಿಯನ್ನು ಹೊರಗೆಳೆದ. ಒಂದು ಪದರ ಹಳದಿ, ಒಂದು ಪದರ ಕೆಂಪು, ಒಂದು ಪದರ ಬಿಳಿ. ನಡುವೆ ಚೆಂಡುಹೂವಿನ ಎಸಳು. ಏಳು ವರ್ಷದ ಅರಿಸಿನ, ಕುಂಕುಮ, ರಂಗೋಲಿ ಪುಡಿ ದಿನಾ ನೀರು ಕುಡಿದು ಕಲ್ಲಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಜಂಬಣ್ಣ ಯಾರ ಮುಖ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡಿದ.

ತೂತು ತುಂಬುತ್ತಾ ಬಂದಂತೆ ಸರಳಿಗೆ ಇಳಿಯಲು ಜಾಗ ಕಡಿಮೆಯಾಗುತ್ತಾ ಬಂದಿದೆ, ಈ ಎರಡು ಮೂರು ತಿಂಗಳಿಂದ ಪೂರ್ತಿ ಕಟ್ಟಿಕೊಂಡಿದೆ, ನೀವು ಬಲವಂತ ಮಾಡಿದ್ದೀರಿ, ಹಲ್ಲು ಸವೆದು ಮುರಿದಿವೆ ಎಂದು ಅವನು ವಿವರಿಸಿದ. ಆಗ ಒಂದೊಂದೇ ಗುಟ್ಟು ಹೊರಬಿತ್ತು. ತಿಮ್ಮೇಶ್ ಎಷ್ಟೋ ದಿನದಿಂದ ಬಾಗಿಲಿಗೆ ಹೆಗಲು ಕೊಟ್ಟು ಹಿಡಿಕೆಯನ್ನು ಜಗ್ಗುತ್ತಿದ್ದನಂತೆ. ಅನುಸೂಯ ಬಾಗಿಲಿನ ಕೆಳಗೆ ಪಾದದ ತುದಿ ಕೊಟ್ಟು ಮೇಲಕ್ಕೆ ಮೀಟುತ್ತಿದ್ದಳಂತೆ. ಒಂದೇ ಮನೆಯ ಮೂವರು ಒಂದೇ ಬಾಗಿಲ ಜೊತೆ ಬೇರೆಬೇರೆಯಾಗಿ ಜಗಳವಾಡಿದ್ದರು, ಒಬ್ಬರಾದರೂ ಇನ್ನೊಬ್ಬರಿಗೆ ಬಾಯಿಬಿಟ್ಟಿರಲಿಲ್ಲ. ಇಂಥ ಜಾಣರನ್ನು ಎಲ್ಲಿ ಹುಡುಕುವುದು!

ಈಗ ನೋಡಕ್ಕಾ ಎಂದು ಜಂಬಣ್ಣ ಬಾಗಿಲು ಮುಚ್ಚಿ ಪಕ್ಕಕ್ಕೆ ಸರಿದ. ಸಿದ್ದಕ್ಕ ಎಡಗೈ ಮುಂದೆ ಮಾಡಿದಳು. ಅರೆಗಳಿಗೆ ತಡೆದು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಬಲಗೈಯನ್ನು ಸೆರಗಿಗೆ ಒರೆಸಿ ಹಿಡಿಕೆಯ ಮೇಲಿಟ್ಟಳು. ಎತ್ತಿದಳು ಅನ್ನುವಷ್ಟರಲ್ಲಿ ಅದು ಎದ್ದೇಬಿಟ್ಟಿತು. ಇಳಿಸಿದಳು, ಎತ್ತಿದಳು. ಎರಡು ಬೆರಳಲ್ಲಿ ಎತ್ತಿದಳು, ಕಿರುಬೆರಳೊಂದರಲ್ಲೇ ಎತ್ತಿದಳು. ಕೀ ಹಾಕಿ ತಿರುಗಿಸಿದಳು, ತೆಗೆದಳು. ಎಂಟು ಹತ್ತು ಸಲ ಹೀಗೆ ಮಾಡಿ ಬಾಗಿಲಿಗೆ ಬೆನ್ನು ಕೊಟ್ಟು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಮಗ, ಸೊಸೆ ಗಾಬರಿಯಾದರು. ಆಗ ಎಲ್ಲವನ್ನೂ ಹೇಳಿದಳು.

ತಿಮ್ಮೇಶನಿಗೆ ಸಿಟ್ಟೇ ಬಂತು. "ಅಲ್ಲವ್ವಾ, ಒಂದು ಮಾತು ಹೇಳಿದ್ರೆ ದವಾಖಾನಿಗೆ ಕರ್ಕಂಡು ಹೋಗ್ತಿರ್ಲಿಲ್ವಾ?"

"ಅದಕ್ಕೇ ಕಣ್ಲಾ ಹೇಳ್ಲಿಲ್ಲ."

ಅನುಸೂಯ ಬಿಡಲಿಲ್ಲ. ಮಾರನೆಯ ದಿನವೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಪಿ ನೋಡಿಸಿದಳು, ಕೈ ತೋರಿಸಿದಳು. ಏನೂ ಇಲ್ಲ, ಮಣಿಕಟ್ಟು ಉಳುಕಿದೆ ಅಷ್ಟೆ, ವಾರ ಸುಮ್ಮನಿದ್ದರೆ ಸರಿಹೋಗುತ್ತದೆ ಅಂದರು ಡಾಕ್ಟರು. ಸಿದ್ದಕ್ಕ ಎರಡೇ ದಿನ ಸುಮ್ಮನಿದ್ದಳು. ಮೂರನೆಯ ದಿನ ಅಟ್ಟದಿಂದ ರಾಟೆ ಇಳಿಯಿತು. ಹೊಸ್ತಿಲ ಪೂಜೆಯೂ ನಿಲ್ಲಲಿಲ್ಲ. ಪೂಜೆಗೆ ಮುಂಚೆ ತೂತಿಗೊಂದು ಬಿರಡೆ ಹಾಕಿ, ಮುಗಿದ ಮೇಲೆ ತೆಗೆಯುವುದೆಂದು ಜಂಬಣ್ಣ ಹೇಳಿಕೊಟ್ಟು ಹೋಗಿದ್ದ. ಅರಿಸಿನ ಈಗ ಬಿರಡೆಯ ತಲೆಗೆ ಬೀಳುತ್ತದೆ.

ನಾಲ್ಕನೆಯ ದಿನ ಮನೆಗೆ ತಾನೇ ಬೀಗ ಹಾಕಿ, ಒಮ್ಮೆ ತಳ್ಳಿ ನೋಡಿ, ಸಿದ್ದಕ್ಕ ಹಿರಿಯೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ನೆಪ ಹೇಳಲಿ ಎಂದು ಯೋಚಿಸಿದಳು. ಚಂದ್ರಕ್ಕ ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಅವಳ ಮಾತು ಈಗ ನಿಧಾನ, ಒಂದೊಂದೇ ಪದ ಹುಡುಕಿ ಆಡಬೇಕು.

"ಎರ್ಡು ತಿಂಗ್ಳು... ಬರ್ಲಿಲ್ಲ."

ಕಟ್ಟಿಕೊಂಡು ಬಂದಿದ್ದ ನೆಪವೆಲ್ಲ ಸಿದ್ದಕ್ಕನಿಗೆ ಮರೆತುಹೋಯಿತು. "ನಿನ್ನ ಕೈ ನೋಡಾಕೆ ಹೆದ್ರಿಕಂಡಿದ್ದೆ ಅಕ್ಕ. ನಂದೂ ಹಂಗೇ ಆಗ್ತೈತೆ ಅಂದ್ಕಂಡಿದ್ದೆ," ಅಂದಳು. ಬೀಗದ ಕಥೆ, ತೂತಿನ ಕಥೆ, ಅರಿಸಿನದ ಗಟ್ಟಿಯ ಕಥೆ ಎಲ್ಲ ಹೇಳಿದಳು. ಕೊನೆಗೆ, ಅವತ್ತು ನೀನು ಬಿಂದಿಗೆ ಎತ್ತಲಾಗದೆ ನಿಂತಾಗ ನಾನು ನಗಬಾರದಿತ್ತು ಅಂದಳು. ನಾಲ್ಕು ವರ್ಷದಿಂದ ಗಂಟಲಲ್ಲಿದ್ದ ಮಾತು ಅದು.

ಚಂದ್ರಕ್ಕ ತನ್ನ ಎಡಗೈ ಚಾಚಿ ತಂಗಿಯ ಬಲಗೈಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಬೆರಳನ್ನು ಒತ್ತಿ ಮಡಿಸಿ ಬಿಡಿಸಿ ನೋಡಿದಳು. ಐದೂ ಬೆರಳು ಆದ ಮೇಲೆ ತನ್ನ ಕೈಯನ್ನು ಅದರೊಳಗಿಟ್ಟು, "ಹಿಂಡು" ಅಂದಳು. ಸಿದ್ದಕ್ಕ ಹಿಂಡಿದಳು. ಸಾಲದೆಂಬಂತೆ ಚಂದ್ರಕ್ಕ ತಲೆಯಾಡಿಸಿದಳು. ಸಿದ್ದಕ್ಕ ಬಲವಾಗಿ ಹಿಂಡಿದಳು.

"ಗಟ್ಟಿ... ಐತೆ," ಅಂದಳು ಚಂದ್ರಕ್ಕ. ಅವಳ ಬಾಯಿಯ ಒಂದು ಪಕ್ಕ ಮಾತ್ರ ನಗಬಲ್ಲದು. ಅಷ್ಟರಲ್ಲೇ ಅವಳು ನಕ್ಕಳು. ಸಿದ್ದಕ್ಕ ಮಂಚದ ಮೇಲೆ ಅವಳ ಪಕ್ಕಕ್ಕೆ ಸರಿದು ಕೂತು, ಅಕ್ಕನ ಮಲಗಿದ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಸಂಜೆಯ ಬಸ್ಸಿನ ಹೊತ್ತಿನ ತನಕ ಬಲಗೈಯಲ್ಲೇ ಎಣ್ಣೆ ತಿಕ್ಕಿದಳು.